ಚುಕ್ಕಿಯನ್ನು ಕರೆದ ದನಿ

ದೆವ್ವ, ಗಾಳಿ, ಸತ್ತವರು ಕಾಣಿಸಿಕೊಳ್ಳುವುದು, ಇದನ್ನೆಲ್ಲ ನಾನು ನಂಬಿದವನಲ್ಲ. ನಂಬುವವರನ್ನು ಕಂಡರೆ ಕೀಟಲೆ ಮಾಡದೆ ಬಿಟ್ಟವನೂ ಅಲ್ಲ. ನಮ್ಮ ಕಡೆ ದೆವ್ವ ಕಂಡವರು ಯಾರೂ ಎದುರಿಗೆ ಸಿಗುವುದಿಲ್ಲ. ಕಂಡವನ ಷಡ್ಡಕನೋ, ಅವನ ಪಕ್ಕದೂರಿನವನೋ ಸಿಗುತ್ತಾನೆ. ಅಂಥವರಿಗೆ ನಾನು ಹೇಳುತ್ತಿದ್ದದ್ದು ಒಂದೇ ಮಾತು: "ಮುಂದಿನ ಸಲ ಬಂದಾಗ ನಂಗೊಂದು ಫೋನ್ ಮಾಡಿ, ಕ್ಯಾಮೆರಾ ತರ್ತೀನಿ." ಇಪ್ಪತ್ತೈದು ವರ್ಷ ಮದುವೆ ವಿಡಿಯೋ ತೆಗೆದವನು ನಾನು. ಕ್ಯಾಮೆರಾದ ಮುಂದೆ ಇದ್ದದ್ದು ಕ್ಯಾಸೆಟ್ಟಿನಲ್ಲಿ ಬರುತ್ತದೆ, ಇಲ್ಲದ್ದು ಬರುವುದಿಲ್ಲ. ನನ್ನ ವೇದಾಂತ ಇಷ್ಟೇ ಆಗಿತ್ತು.

ಮೂರು ವರ್ಷದ ಹಿಂದೆ ಅದು ನನಗೆ ಕೈಕೊಟ್ಟಿತು. ಅಮಾವಾಸ್ಯೆಯ ರಾತ್ರಿಯೂ ಅಲ್ಲ, ಊರಾಚೆಯ ಹುಣಸೆಮರವೂ ಅಲ್ಲ. ಪಾವಗಡದ ಬಸ್ ನಿಲ್ದಾಣದ ಹತ್ತಿರವಿರುವ ನನ್ನ ಸ್ಟುಡಿಯೋದಲ್ಲಿ, ಮೇ ತಿಂಗಳ ಬಿಸಿಲಿನಲ್ಲಿ, ಮಧ್ಯಾಹ್ನ ಎರಡು ಗಂಟೆಗೆ. ಓದಿದವರು ನಗಬಹುದು, ನಗಲಿ. ನಾನೂ ನಕ್ಕವನೇ.

ನನ್ನ ಕೆಲಸದ ಬಗ್ಗೆ ಸ್ವಲ್ಪ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಈಗ ಮದುವೆ ವಿಡಿಯೋಗಳನ್ನು ಹೊಸ ಹುಡುಗರು ಡ್ರೋನ್ ಹಾರಿಸಿ ತೆಗೆಯುತ್ತಾರೆ. ನನಗೆ ಉಳಿದಿರುವುದು ಹಳೇ ಕ್ಯಾಸೆಟ್ಟುಗಳು. ಬೆಂಕಿಪೊಟ್ಟಣಕ್ಕಿಂತ ಕೊಂಚ ದೊಡ್ಡದಾದ ಆ ಕ್ಯಾಸೆಟ್ಟುಗಳನ್ನು ಜನ ಬೀರುವಿನ ತಳದಿಂದ ಹುಡುಕಿ ತರುತ್ತಾರೆ. ಇವತ್ತಿನ ಎಡಿಟಿಂಗ್ ಸಾಫ್ಟ್‌ವೇರಿಗೆ ಅವುಗಳ ಭಾಷೆಯೇ ಗೊತ್ತಿಲ್ಲ. ಅದಕ್ಕಾಗಿ ಹಳೇ ಕ್ಯಾಮೆರಾವನ್ನೂ, ಅದರ ವೈರು ಚುಚ್ಚುವ ತೂತಿರುವ ಒಂದು ಹಳೇ ಕಂಪ್ಯೂಟರನ್ನೂ ಮುದಿ ಎತ್ತುಗಳನ್ನು ಸಾಕುವಂತೆ ಸಾಕಿಕೊಂಡಿದ್ದೇನೆ. ಕ್ಯಾಮೆರಾದಲ್ಲಿ ಕ್ಯಾಸೆಟ್ ಓಡಬೇಕು, ಓಡಿದ್ದು ಕಂಪ್ಯೂಟರಿಗೆ ಇಳಿಯಬೇಕು. ಒಂದು ಗಂಟೆಯ ಕ್ಯಾಸೆಟ್ಟಿಗೆ ಒಂದು ಗಂಟೆಯೇ ಬೇಕು. ಅವಸರ ಮಾಡಲು ಬರುವುದಿಲ್ಲ. ಆಮೇಲೆ ಆ ಫೈಲನ್ನು ಎಡಿಟಿಂಗಿಗೆ ಒಗ್ಗುವ ಫಾರ್ಮ್ಯಾಟಿಗೆ ಕನ್ವರ್ಟ್ ಮಾಡಬೇಕು. ಅಲ್ಲಿ ನೂರೆಂಟು ರಗಳೆ. ಚಿತ್ರ ಬಂದರೆ ಶಬ್ದ ಬರುವುದಿಲ್ಲ, ಶಬ್ದ ಬಂದರೆ ತುಟಿಗಿಂತ ಮುಂದೆ ಓಡುತ್ತದೆ.

ಆ ದಿನ ಬೆಳಿಗ್ಗೆ ಕ್ಯಾತಗಾನಚೆರ್ಲುವಿನಿಂದ ಹನುಮಕ್ಕ ಎಂಬ ಹೆಂಗಸು ಮೊಮ್ಮಗಳನ್ನು ಕರೆದುಕೊಂಡು ಬಂದಳು. ವಯಸ್ಸು ಅರವತ್ತು ದಾಟಿತ್ತು. ನನಗೆ ಗುರುತು ಹತ್ತಲಿಲ್ಲ.

"ನನ್ ಮಗಳು ನಾಗಮಣಿ ಮದ್ವೆ ವಿಡಿಯೋ ತೆಗ್ದಿದ್ದು ನೀನೇ ಕಣಪ್ಪ. ಗ್ಯಾಪ್ಕ ಐತಾ? ನಿನ್ ಲೈಟಿನ ಶಾಖಕ್ಕೆ ಪುರೋಯ್ತರು ಬೈದಿದ್ರು ನೋಡು," ಎಂದಳು.

ಅದು ನೆನಪಿತ್ತು. ಇಪ್ಪತ್ತು ವರ್ಷದ ಹಿಂದಿನ ಮಾತು. ಮುಂದಿನ ಎರಡು ಹಲ್ಲಿನ ನಡುವೆ ಸಂದು ಇದ್ದ, ಯಾವುದಕ್ಕೂ ನಕ್ಕುಬಿಡುವ ಹುಡುಗಿ. ಮದುವೆಯಾದ ಮರುವರ್ಷ ಹೆರಿಗೆಗೆಂದು ತವರಿಗೆ ಬಂದವಳು ಹೆರಿಗೆಯಲ್ಲೇ ತೀರಿಕೊಂಡಳಂತೆ. ಗಂಡ ಇನ್ನೊಂದು ಮದುವೆಯಾಗಿ ಆ ಕಡೆಯೇ ಉಳಿದ. ಕೂಸನ್ನು ಸಾಕಿದ್ದು ಹನುಮಕ್ಕ. ಆ ಕೂಸೇ ಈಗ ಎದುರಿಗೆ ನಿಂತಿದ್ದ ಭವ್ಯ. ಅವಳಿಗೂ ಮದುವೆ ಗೊತ್ತಾಗಿತ್ತು, ಇನ್ನು ಹದಿನೈದು ದಿನ.

"ಸಾರ್, ಅಮ್ಮನ ಫೋಟೋ ಇದಾವೆ, ಸಿ.ಡಿ.ನೂ ಐತೆ. ಅದ್ರಲ್ಲಿ ಬರೀ ಹಾಡು ಸಾರ್. ನಂಗೆ ಅಮ್ಮ ಮಾತಾಡಿದ್ದು ಬೇಕು," ಎಂದಳು ಭವ್ಯ. "ಒಂದೇ ಒಂದ್ ಮಾತಿದ್ರೂ ಸಾಕು. ಮದ್ವೇಲಿ ಸ್ಕ್ರೀನ್ ಮೇಲೆ ಹಾಕ್ಸಬೇಕು ಅಂತ."

ಅವಳು ಹೇಳಿದ್ದು ನಿಜ. ಆಗ ನಾವು ಮದುವೆಯ ಸಿ.ಡಿ. ಮಾಡುತ್ತಿದ್ದದ್ದೇ ಹಾಗೆ. ಅಲ್ಲಿ ಆಡಿದ ಮಾತನ್ನೆಲ್ಲ ತೆಗೆದು ಮೊದಲಿನಿಂದ ಕೊನೆಯವರೆಗೆ ಸಿನಿಮಾ ಹಾಡು ತುಂಬುತ್ತಿದ್ದೆವು. ಹಾಡಿಲ್ಲದೆ ಕೊಟ್ಟರೆ "ಇದೇನ್ ಸಾವಿನ ಮನೆ ವಿಡಿಯೋನಾ" ಎಂದು ಬೀಗರೇ ಬೈಯುತ್ತಿದ್ದರು. ಹುಡುಗಿ ಏನು ಹೇಳಿದಳು, ಅಮ್ಮ ಏನು ಹೇಳಿ ಅತ್ತಳು, ಎಲ್ಲ ಆ ಹಾಡುಗಳ ಕೆಳಗೆ ಹೂತುಹೋಯಿತು. ನಿಜವಾದ ಶಬ್ದ ಇರುವುದು ಮೂಲ ಕ್ಯಾಸೆಟ್ಟಿನಲ್ಲಿ ಮಾತ್ರ. ನನ್ನ ಹಳೇ ಕ್ಯಾಸೆಟ್ಟುಗಳೆಲ್ಲ ಅಟ್ಟದ ಮೇಲಿನ ಟ್ರಂಕಿನಲ್ಲಿ ಇದ್ದವು. "ಇರಮ್ಮ, ನೋಡೋಣ" ಎಂದು ಹತ್ತಿದೆ.

ಹುಡುಕುತ್ತಿದ್ದಾಗಲೇ ಅನುಮಾನ ಹತ್ತಿತು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕೂ ತಾಲ್ಲೂಕಿನ ವಿಡಿಯೋದವರಲ್ಲಿ ನಾನು ಕಂಡ ಪದ್ಧತಿ ಒಂದೇ. ಸಿ.ಡಿ. ಕೊಟ್ಟು ಎರಡು ತಿಂಗಳು ಯಾರೂ ತಕರಾರು ತೆಗೆಯದಿದ್ದರೆ ಅದೇ ಕ್ಯಾಸೆಟ್ ಮುಂದಿನ ಮನೆಯ ಕಾರ್ಯಕ್ಕೆ. ಹಳೇ ಹೆಸರಿಗೆ ಅಡ್ಡಗೆರೆ ಎಳೆದು ಕೆಳಗೆ ಹೊಸ ಹೆಸರು ಬರೆಯುವುದು. ನಾಗಮಣಿಯ ಮದುವೆಗೆ ಎರಡು ಕ್ಯಾಸೆಟ್ ಆಗಿತ್ತು. ಒಂದರ ಒಳಗಿನ ಟೇಪಿಗೆ ಬೂಷ್ಟು ಹಿಡಿದು ಸುತ್ತುಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಇನ್ನೊಂದರ ಮೇಲೆ ನನ್ನದೇ ಅಕ್ಷರ: "ಕ್ಯಾತಗಾನಚೆರ್ಲು ಮದುವೆ," ಅಡ್ಡಗೆರೆ, ಕೆಳಗೆ "ಮಧುಗಿರಿ ಗೃಹಪ್ರವೇಶ, ಪೂರ್ತಿ."

ಪೂರ್ತಿ ಎಂದರೆ ಕ್ಯಾಸೆಟ್ಟಿನ ಕೊನೆಯವರೆಗೂ ತೆಗೆದಿದ್ದೇನೆ ಎಂದು ಅರ್ಥ. ಆ ಗೃಹಪ್ರವೇಶದ ಕೆಳಗೆ ನಾಗಮಣಿ ಉಳಿದಿರಲು ಸಾಧ್ಯವೇ ಇರಲಿಲ್ಲ. ಅಲ್ಲೇ ಏಣಿಯ ಮೇಲೆ ನಿಂತು ನನ್ನನ್ನು ನಾನೇ ಬೈದುಕೊಂಡೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಕೆಳಗಿಳಿದು ಬಂದು ನಿಜ ಹೇಳಬೇಕಿತ್ತು, ಹೇಳಲಿಲ್ಲ. ಆ ಹುಡುಗಿ ಕೈಚಾಚಿ ನನ್ನ ಕೈಯಿಂದ ಕ್ಯಾಸೆಟ್ ಇಸಿದುಕೊಂಡು, ಮೇಲಿನ ಧೂಳನ್ನು ದುಪಟ್ಟಾದಲ್ಲಿ ಒರೆಸಿದಳು. ಲೇಬಲ್ ಓದಿದಳು. ಓದಿ, ಅರ್ಥವಾದರೂ ಆಗದವಳ ಹಾಗೆ, "ಕೊನೇಲಿ ಒಂಚೂರು ಉಳ್ದಿರಬಹುದಲ್ವಾ ಸಾರ್?" ಎಂದಳು. ನಾನು ಹೇಡಿ. "ಉಳಿದಿರಬಹುದು" ಎಂದೆ.

ಹನುಮಕ್ಕ ಮದುವೆಯ ಸೀರೆ ನೋಡಲು ಪೇಟೆಗೆ ಹೋದಳು. ಭವ್ಯ ನನ್ನ ಪಕ್ಕದ ಸ್ಟೂಲಿನಲ್ಲಿ ಕುಳಿತಳು. ಮಧ್ಯಾಹ್ನ ಒಂದು ಗಂಟೆ ದಾಟಿತ್ತು. ಹಳೇ ಕಂಪ್ಯೂಟರು ಎಚ್ಚರಗೊಂಡು, ಕ್ಯಾಮೆರಾವನ್ನು ಗುರುತು ಹಿಡಿದು, ಕ್ಯಾಸೆಟ್ ಓಡಲು ಶುರುವಾಯಿತು. ಮಧುಗಿರಿಯ ಯಾರದೋ ಹೊಸ ಮನೆ. ಹೊಸಿಲಿಗೆ ಅರಿಶಿನ, ಬಾಗಿಲಿಗೆ ಮಾವಿನ ತೋರಣ, ಒಳಗೆ ಹಸು ಬರಲೊಲ್ಲದೆ ಹಟ ಮಾಡಿದ್ದು, ಅದನ್ನು ನಾಲ್ಕು ಜನ ಹಿಂದಿನಿಂದ ತಳ್ಳಿದ್ದು. ಬೇರೆ ದಿನವಾಗಿದ್ದರೆ ನಗು ಬರುತ್ತಿತ್ತು. ಭವ್ಯ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಆ ಮನೆಯ ಒಬ್ಬೊಬ್ಬ ಹೆಂಗಸು ಪರದೆಗೆ ಬಂದಾಗಲೂ ಅವಳು ಸ್ವಲ್ಪ ಮುಂದಕ್ಕೆ ಬಾಗುತ್ತಿದ್ದಳು. ನಲವತ್ತು ನಿಮಿಷ ಹೀಗೇ ಹೋಯಿತು. ಅದನ್ನು ನೋಡುವುದು ನನ್ನಿಂದಾಗಲಿಲ್ಲ.

"ಊಟ ಮಾಡಿದೀಯೇನಮ್ಮ?"

"ಇಲ್ಲ ಸಾರ್, ಆಮೇಲ್ ಮಾಡ್ತೀನಿ."

"ಎದುರಿಗೇ ಹೋಟ್ಲು. ಒಂದು ಅನ್ನ ಸಾರು ತಿಂದು ಬಾ. ಕೊನೆ ಬರೋಕೆ ಇನ್ನೂ ಹೊತ್ತಿದೆ, ಬಂದ್ರೂ ಕಂಪ್ಯೂಟರಲ್ಲಿ ಇರುತ್ತೆ, ಎಲ್ಲಿಗೋಗುತ್ತೆ?" ಎಂದು ಬಲವಂತ ಮಾಡಿ ಕಳಿಸಿದೆ. ಅವಳ ಹಸಿವಿಗಾಗಿ ಕಳಿಸಿದೆನೆಂದು ಹೇಳಿದರೆ ಸುಳ್ಳು. ಅವಳ ಮುಖ ಕಣ್ಣೆದುರಿಗೆ ಇರಬಾರದೆಂದು ಕಳಿಸಿದೆ.

ಅವಳು ಹೋಗಿ ಐದು ನಿಮಿಷ ಆಗಿರಬೇಕು. ಹೊರಗೆ ಬಸ್ಸುಗಳ ಗಲಾಟೆಯೆಂದು ನಾನು ಹೆಡ್‌ಫೋನ್ ಹಾಕಿಕೊಂಡಿದ್ದೆ. ಪರದೆ ಒಮ್ಮೆ ಚೌಕ ಚೌಕವಾಗಿ ಒಡೆಯಿತು. ಹಳೇ ಕ್ಯಾಸೆಟ್ಟಿನಲ್ಲಿ ಅದು ಮಾಮೂಲಿ. ಚೌಕಗಳು ಕೂಡಿಕೊಂಡಾಗ ಗೃಹಪ್ರವೇಶದ ಮನೆ ಇರಲಿಲ್ಲ. ಒಂದು ಹೆಂಚಿನ ಮನೆಯ ಹಿತ್ತಲು, ಅದರಾಚೆ ಕಣ್ಣು ಹಾಯುವಷ್ಟೂ ಕಡಲೆಕಾಯಿ ಹೊಲ, ಇಳಿಬಿಸಿಲು. ಹಿತ್ತಲ ಬಾಗಿಲಲ್ಲಿ ನಾಗಮಣಿ ನಿಂತಿದ್ದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಒಂದು ಕೈ ಬೆನ್ನ ಹಿಂದೆ ಊರಿಕೊಂಡು. ಕ್ಯಾಮೆರಾ ಇದೆ ಎಂಬುದೇ ಗೊತ್ತಿಲ್ಲದವಳ ಹಾಗೆ ನನ್ನ ಹೆಗಲ ಮೇಲಿಂದ ದೂರ ಎಲ್ಲೋ ನೋಡಿ ಕೂಗಿದಳು:

"ಚುಕ್ಕೀ... ದಾ, ದಾ... ಹೊತ್ತ್ ಮುಳುಗ್ತು ಕಣಮ್ಮ, ಬಾ ಮನೆಗೆ..."

ದಾ ಎಂದರೆ ತೆಲುಗಿನಲ್ಲಿ ಬಾ. ಅರ್ಧ ತೆಲುಗು, ಅರ್ಧ ಕನ್ನಡ, ಆ ಕಡೆಯವರು ಮನೆಯಲ್ಲಿ ಮಾತಾಡುವ ಹಾಗೆಯೇ. ಕ್ಯಾಮೆರಾದ ಪಕ್ಕದಿಂದಲೇ ನುಗ್ಗಿದಂತೆ ಒಂದು ಮೇಕೆ ಅವಳ ಕಡೆ ಓಡಿತು. ಕರೀ ಮೇಕೆ, ಹಣೆಯ ಮೇಲೆ ಬಿಳಿ ಬೊಟ್ಟು. ಅವಳು ಕಷ್ಟಪಟ್ಟು ಬಗ್ಗಿ ಅದರ ಹಣೆ ಸವರಿದಳು. ನಕ್ಕಳು. ಹಲ್ಲಿನ ನಡುವಿನ ಸಂದು ಕಂಡಿತು.

ನನಗೆ ಭಯವಾಗಲಿಲ್ಲ, ಖಂಡಿತ ಆಗಲಿಲ್ಲ. ಆದದ್ದು ಸಂತೋಷ. ಉಳಿದಿದೆ, ಒಂದು ತುಂಡು ಉಳಿದಿದೆ, ನಾನು ಪೂರ್ತಿ ಪಾಪಿ ಅಲ್ಲ ಎಂಬ ಸಂತೋಷದಲ್ಲಿ ಕಣ್ಣು ತುಂಬಿತು. ಒಂದು ನಿಮಿಷವಾದರೂ ಹಾಗೆಯೇ ಕುಳಿತಿದ್ದೆ. ಅವಳು ಮತ್ತೊಮ್ಮೆ ತಲೆಯೆತ್ತಿ ಅದೇ ರಾಗದಲ್ಲಿ ಕರೆದಾಗ ಎಚ್ಚರವಾಗಿ, ಹೆಡ್‌ಫೋನ್ ಕಿತ್ತೆಸೆದು ರಸ್ತೆಗೆ ಓಡಿದೆ. "ಭವ್ಯಾ, ಬಾರಮ್ಮ ಬೇಗ, ಅಮ್ಮ ಬಂದಿದ್ದಾಳೆ!" ಎಂದು ಹೋಟೆಲಿನ ಮುಂದೆ ಕಿರುಚಿದೆ. ತುತ್ತನ್ನು ಎಲೆಯಲ್ಲೇ ಬಿಟ್ಟು, ಕೈ ತೊಳೆಯದೆ, ಬಸ್ಸಿಗೆ ಅಡ್ಡ ಬಂದು ಬೈಸಿಕೊಂಡು ಅವಳು ಓಡಿಬಂದಳು.

ಪರದೆಯಲ್ಲಿ ಮಧುಗಿರಿಯ ಮನೆಯಾಕೆ ಹೊಸ ಒಲೆಯ ಮೇಲೆ ಹಾಲು ಕಾಯಿಸುತ್ತಿದ್ದಳು. ನಾವಿಬ್ಬರೂ ನೋಡುತ್ತಿದ್ದ ಹಾಗೆ ಹಾಲು ಉಕ್ಕಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

"ಗಾಬರಿ ಬೇಡ, ಕಂಪ್ಯೂಟರಿಗೆ ಇಳಿದಿದೆ," ಎಂದೆ. ನನಗೆ ಅನುಮಾನವೇ ಇರಲಿಲ್ಲ. ಕ್ಯಾಸೆಟ್ ಮುಗಿಯುವವರೆಗೂ ಕಾದು ಫೈಲ್ ತೆರೆದೆ. ಹಿಂದಕ್ಕೆ ಹೋದೆ. ಹಸು, ತೋರಣ, ಹೋಮ, ಹಾಲು. ಎಲ್ಲೂ ಹಿತ್ತಲಿಲ್ಲ. ಚೌಕ ಚೌಕವಾಗಿ ಒಡೆದ ಜಾಗ ಸಿಕ್ಕಿತು; ಅದು ಒಡೆದದ್ದೂ ಹಾಲಿನ ಮೇಲೆಯೇ, ಕೂಡಿದ್ದೂ ಹಾಲಿನ ಮೇಲೆಯೇ. ನಡುವೆ ಕಣ್ಣು ಮುಚ್ಚಿ ತೆರೆಯುವಷ್ಟೂ ಹೊತ್ತಿಲ್ಲ. ಕಂಪ್ಯೂಟರಿನದೇ ದೋಷವಿರಬೇಕೆಂದು ಗೊತ್ತಿರುವ ಫಾರ್ಮ್ಯಾಟಿಗೆಲ್ಲ ಕನ್ವರ್ಟ್ ಮಾಡಿದೆ. ಎಲ್ಲದರಲ್ಲೂ ಹಾಲೇ ಉಕ್ಕಿತು. ಕ್ಯಾಸೆಟ್ ಹಿಂದಕ್ಕೆ ಸುತ್ತಿ ಮತ್ತೆ ಓಡಿಸಿದೆ, ಈ ಸಲ ಭವ್ಯ ಪಕ್ಕದಲ್ಲಿ ಇದ್ದಳು. ಚೌಕಗಳೂ ಬರಲಿಲ್ಲ.

ಅವಳು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಸಾರು ಒಣಗಿದ ಬೆರಳುಗಳನ್ನು ಮಡಿಚಿಕೊಂಡು, "ನಿಜವಾಗ್ಲೂ ನೋಡಿದ್ರಾ ಸಾರ್?" ಎಂದು ಕೇಳಿದಳು. ನೋಡಿದ್ದನ್ನೆಲ್ಲ ಹೇಳಿದೆ. ಮದುವೆಗೆ ಮುಂಚೆ ಎಂದೋ ನಿಮ್ಮ ಮನೆಗೆ ಬಂದಾಗ ನಾನೇ ತೆಗೆದಿರಬೇಕು, ಮರೆತಿದ್ದೇನೆ ಎಂದೂ ಸೇರಿಸಿದೆ. ನನ್ನ ಮನಸ್ಸಿಗೆ ಹೇಳಿಕೊಂಡ ಸಮಾಧಾನವೂ ಅದೇ.

ನಾಲ್ಕು ಗಂಟೆಗೆ ಹನುಮಕ್ಕ ಸೀರೆಯ ಚೀಲಗಳನ್ನು ಹೊತ್ತು ಬಂದಳು. ಭವ್ಯ ಎಲ್ಲವನ್ನೂ ಹೇಳಿದಳು. ಚುಕ್ಕಿಯ ಹೆಸರು ಕಿವಿಗೆ ಬಿದ್ದದ್ದೇ ಮುದುಕಿ ಚೀಲಗಳನ್ನು ಕೆಳಗಿಟ್ಟು ಮೆಟ್ಟಿಲ ಮೇಲೆ ಕುಳಿತುಬಿಟ್ಟಳು.

"ಚುಕ್ಕೀನ ನಾವ್ ತಂದಿದ್ದು ನಾಗಮಣಿ ಬಾಣಂತನಕ್ಕೆ ಅಂತ ಬಂದ್ಮೇಲೆ ಕಣಪ್ಪ," ಎಂದಳು. "ಮದ್ವೆ ಟೈಮ್ನಾಗೆ ಅದೆಲ್ಲಿತ್ತು? ಅವ್ಳೇ ಹಟ ಹಿಡ್ದು ಶಿರಾ ಸಂತೆಯಿಂದ ತರ್ಸಿದ್ಲು, ಕೂಸಿಗೆ ಹಾಲಾಗ್ತೈತೆ ಅಂತ. ಎರಡು ತಿಂಗ್ಳು ಸಾಕಿದ್ಲು ಅಷ್ಟೇ. ಆಗ ನಮ್ಮನೆತಾವ ಕ್ಯಾಮ್ರಾ ಹಿಡ್ಕಂಡು ಯಾವನು ಬಂದಿದ್ದ?"

ಯಾರೂ ಬಂದಿರಲಿಲ್ಲ. ನಾನಂತೂ ಮದುವೆಯ ನಂತರ ಆ ಊರಿಗೆ ಕಾಲಿಟ್ಟವನಲ್ಲ. ಅವಳು ಬೆನ್ನಿಗೆ ಕೈಯೂರಿ ನಿಂತದ್ದು, ಕಷ್ಟಪಟ್ಟು ಬಗ್ಗಿದ್ದು ತುಂಬು ಬಸುರಿಯಾಗಿದ್ದರಿಂದ ಎಂದು ಆಗ ಹೊಳೆಯಿತು. ಮೇಕೆಯ ಹೆಸರನ್ನು ಬೆಳಿಗ್ಗೆ ನೀವೇ ಮಾತಿನ ನಡುವೆ ಹೇಳಿರಬೇಕು, ನನ್ನ ತಲೆಯಲ್ಲಿ ಕೂತಿರಬೇಕು ಎಂದೆ. "ಆ ಹೆಸ್ರು ಎತ್ತಿ ಇಪ್ಪತ್ತು ವರ್ಸ ಆಯ್ತು. ಅವ್ಳು ಹೋದ ಮೂರ್ನೇ ದಿನಾನೇ ಅದುನ್ನ ಕೊಟ್ಬುಟ್ವಿ. ಈ ಮಗೀಗೇ ಗೊತ್ತಿಲ್ಲ," ಎಂದಳು ಹನುಮಕ್ಕ. ಭವ್ಯ ಹೌದೆಂದು ತಲೆಯಾಡಿಸಿದಳು. ನಾನು ಹೇಳಿದ ಹಿತ್ತಲೂ ಹೊಲವೂ ಅವರದೇ. ಆ ಹೊಲವನ್ನು ಸೋಲಾರ್ ಪಾರ್ಕಿಗೆ ಗುತ್ತಿಗೆ ಕೊಟ್ಟು ಎಷ್ಟೋ ವರ್ಷವಾಗಿದೆ. ಈಗ ಹಿತ್ತಲ ಬಾಗಿಲು ತೆಗೆದರೆ ತಂತಿಬೇಲಿ, ಅದರಾಚೆ ಬರೀ ಗಾಜಿನ ಹಲಗೆ.

ಅದೇ ಸಂಜೆ ಕೊರಟಗೆರೆಯಲ್ಲಿ ನನ್ನ ಹಾಗೆಯೇ ವಿಡಿಯೋ ತೆಗೆಯುವ ಗೆಳೆಯನೊಬ್ಬನಿಗೆ ಫೋನ್ ಮಾಡಿದೆ. "ಲೇ, ಮೇ ತಿಂಗಳ ಬಿಸ್ಲು, ಊಟ ಆದ್ಮೇಲೆ ನಿದ್ದೆ ಹೊಡ್ದಿದೀಯ ಕಣ್ಲಾ," ಎಂದು ನಕ್ಕ. ನಾನಾಗಿದ್ದರೂ ಅವನಿಗೆ ಅದನ್ನೇ ಹೇಳುತ್ತಿದ್ದೆ. ಆದರೆ ಆ ದಿನ ನಾನು ಊಟವನ್ನೇ ಮಾಡಿರಲಿಲ್ಲ.

ಅದಕ್ಕೂ ಮುಂಚೆ, ಊರಿಗೆ ಹೊರಡುವಾಗ ಭವ್ಯ ಒಂದು ಮಾತು ಕೇಳಿದಳು. "ಸಾರ್, ಅಮ್ಮ ಹೆಂಗ್ ಕರೆದ್ರು? ಒಂದ್ಸಲ ಅಂಗೇ ಅಂದ್ ತೋರ್ಸಿ."

ನನ್ನದು ಎಲೆಯಡಿಕೆ, ತಂಬಾಕು ಹಾಕಿ ಒಡೆದುಹೋದ ಗಂಟಲು. ನಾಚಿಕೆಯಾಯಿತು. ಆದರೂ ಅಂದೆ. "ಚುಕ್ಕೀ... ದಾ, ದಾ..." ದನಿ ಕೊನೆಯಲ್ಲಿ ಮೇಲಕ್ಕೆ ಹೋಗುತ್ತಿತ್ತೋ ಕೆಳಕ್ಕೋ ಎಂದು ಅವಳು ಕೇಳಿದಳು. ಮೇಲಕ್ಕೆ ಎಂದೆ. ಮತ್ತೊಮ್ಮೆ ಅನ್ನಿಸಿದಳು. ಹನುಮಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೇಳುತ್ತಿದ್ದಳು. "ಅಂಗಲ್ಲ ಕಣಪ್ಪ, ಅವ್ಳ್ ದನಿ ಸಣ್ದು," ಎಂದಳು. ನೀವೇ ಅಂದು ತೋರಿಸಿ ಎಂದರೆ ಅವಳ ಕೈಯಲ್ಲಿ ಆಗಲಿಲ್ಲ. ಇಪ್ಪತ್ತು ವರ್ಷದಲ್ಲಿ ಹೆತ್ತ ತಾಯಿಗೂ ಆ ದನಿ ಮರೆತುಹೋಗಿತ್ತು. ಸಣ್ಣದು ಎಂಬುದೊಂದೇ ನೆನಪಿತ್ತು. ಬಸ್ ಬರುವವರೆಗೂ ನಾನು ಅದೇ ಮಾತನ್ನು ಎಷ್ಟು ಸಲ ಅಂದೆನೋ ಲೆಕ್ಕವಿಲ್ಲ. ಆಮೇಲೂ ಅವಳು ಎರಡು ಮೂರು ಸಲ ಫೋನ್ ಮಾಡಿ ಅನ್ನಿಸಿದಳು.

ಭವ್ಯಳ ಮದುವೆಯ ವಿಡಿಯೋ ನಾನೇ ತೆಗೆದೆ. ಮಧುಗಿರಿಯ ಒಂದು ಕಲ್ಯಾಣಮಂಟಪ. ಸ್ಕ್ರೀನಿನ ಮೇಲೆ ನಾಗಮಣಿಯ ಫೋಟೋ ಮಾತ್ರ ಇತ್ತು, ಅಲುಗಾಡದ ಫೋಟೋ. ಒಂದು ಹಾಡನ್ನೂ ಹಾಕುವುದಿಲ್ಲವೆಂದು ಮೊದಲೇ ಹೇಳಿದ್ದೆ. ಧಾರೆ ಮುಗಿದ ಮೇಲೆ ಕ್ಯಾಮೆರಾ ಅವಳ ಕಡೆ ತಿರುಗಿಸಿ, "ಏನಾದ್ರೂ ಎರಡು ಮಾತು ಹೇಳಮ್ಮ, ನಾಳೆ ನಿನ್ನ ಮಕ್ಕಳಿಗಾಗುತ್ತೆ," ಎಂದೆ. ಅವಳು ಲೆನ್ಸನ್ನೇ ನೋಡಿದಳು. ಮೆಲ್ಲಗೆ, "ಚುಕ್ಕೀ... ದಾ, ದಾ... ಹೊತ್ತ್ ಮುಳುಗ್ತು ಕಣಮ್ಮ, ಬಾ ಮನೆಗೆ," ಎಂದಳು. ಸುತ್ತ ಇದ್ದವರಿಗೆ ಏನೂ ತಿಳಿಯಲಿಲ್ಲ. ಹೆಡ್‌ಫೋನಿನಲ್ಲಿ ನನಗೆ ಸ್ಪಷ್ಟವಾಗಿ ಕೇಳಿತು. ಅದು ಅವಳ ಅಮ್ಮನ ರಾಗವಾಗಿರಲಿಲ್ಲ. ನನ್ನದು. "ದಾ" ಎನ್ನುವಲ್ಲಿ ನನ್ನ ದನಿ ಒಡೆಯುವುದನ್ನೂ ಅವಳು ಕಲಿತಿದ್ದಳು.

ಹೀಗಲ್ಲ, ಹೀಗೆ ಎಂದು ತಿದ್ದಬೇಕೆಂದು ಆ ದಿನದ ದನಿಯನ್ನು ನೆನಪಿಸಿಕೊಳ್ಳಲು ಹೋದೆ. ಸಿಕ್ಕಲಿಲ್ಲ. ನಾಗಮಣಿಯ ಬಾಯಿ ತೆರೆಯುತ್ತದೆ, ಸಂದುಹಲ್ಲು ಕಾಣುತ್ತದೆ, ಕೇಳುವುದು ನನ್ನ ಒಡಕು ದನಿ. ಅಷ್ಟು ಸಲ ಅಂದು ಅಂದು ಅದರ ಮೇಲೆ ನನ್ನದನ್ನೇ ತುಂಬಿಬಿಟ್ಟಿದ್ದೆ. ಮೊದಲ ಸಲ ಕ್ಯಾಸೆಟ್ಟಿನಲ್ಲಿ ಅವಳನ್ನು ಅಳಿಸಿದವನು ನಾನು. ಎರಡನೇ ಸಲವೂ ನಾನೇ.

ಅಂದು ನಾನು ಕಂಡದ್ದೇನು ಎಂದು ಇವತ್ತಿಗೂ ಗೊತ್ತಿಲ್ಲ. ದೆವ್ವ ಎನ್ನಲು ಮನಸ್ಸು ಒಪ್ಪುವುದಿಲ್ಲ, ಕನಸು ಎನ್ನಲು ಮೇಕೆ ಬಿಡುವುದಿಲ್ಲ. ಕಂಡರೂ ನನಗೇಕೆ ಕಾಣಬೇಕಿತ್ತು, ಐದು ನಿಮಿಷ ಮುಂಚೆ ಆ ಹುಡುಗಿ ಅಲ್ಲೇ ಕುಳಿತಿದ್ದಳಲ್ಲ, ಎಂದು ಕೇಳಿಕೊಂಡು ಕೇಳಿಕೊಂಡು ಸೋತಿದ್ದೇನೆ. ಈಗ ದೆವ್ವದ ಕಥೆ ಹೇಳುವವರಿಗೆ ಕೀಟಲೆ ಮಾಡುವುದಿಲ್ಲ, ಸುಮ್ಮನೆ ಎದ್ದು ಹೋಗುತ್ತೇನೆ.

ಆ ಕ್ಯಾಸೆಟ್ಟಿನ ಮೇಲೆ ಮತ್ತೇನನ್ನೂ ತೆಗೆದಿಲ್ಲ. ಅಂಗಡಿ ಖಾಲಿ ಇದ್ದ ಮಧ್ಯಾಹ್ನ ಹಳೇ ಕ್ಯಾಮೆರಾಕ್ಕೆ ಹಾಕಿ, ಹೆಡ್‌ಫೋನ್ ಏರಿಸಿ, ಪಕ್ಕದ ಸ್ಟೂಲು ಖಾಲಿ ಇಟ್ಟುಕೊಂಡು ಕೂರುತ್ತೇನೆ. ಹಸು ಒಳಗೆ ಬರಲೊಲ್ಲದೆ ಹಟ ಮಾಡುತ್ತದೆ. ನಲವತ್ತು ನಿಮಿಷ ದಾಟುತ್ತದೆ. ಹಾಲು ಉಕ್ಕುತ್ತದೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ.